ಬೆಳಗ್ಗಿನ 4 ಗಂಟೆಯ ಶಟರ್: ಹಲಗೆ ಬಾಗಿಲಿನಿಂದ ಕಬ್ಬಿಣದ ಸುರುಳಿಯವರೆಗೆ

ವಾಮಂಜೂರಿನ ನನ್ನ ಮಾವನ ಮನೆಯಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ, ಶಟರ್ ಎತ್ತಿ. ಮಾವ ಮೀನು ವ್ಯಾಪಾರದವರು. ಬೆಳಗ್ಗೆ 4 ಗಂಟೆಗೆ ಟೆಂಪೋ ತೆಗೆದುಕೊಂಡು ಮಂಗಳೂರಿನ ಧಕ್ಕೆಗೆ ಹೋಗಬೇಕು. ಟೆಂಪೋ ನಿಲ್ಲುವುದು ಮನೆಯ ಕೆಳಗಿನ ಶೆಡ್ಡಿನಲ್ಲಿ. ಶೆಡ್ಡಿನ ನೇರ ಮೇಲಿನ ಕೋಣೆಯಲ್ಲಿ ಅಜ್ಜಿ ಮಲಗುವುದು. ಮಾವ ಶಟರ್ ಎತ್ತಿದರೆ ಆ ಕೋಣೆಯ ನೆಲವೇ ಗಡಗಡ ಎನ್ನುತ್ತದೆ. ಕೆಳಗೆ ಇಳಿಸಿದಾಗ ಇನ್ನೊಂದು ಸಲ.

ಕಳೆದ ಬೇಸಿಗೆಯಲ್ಲಿ ಅಜ್ಜಿ ನನ್ನ ಅಮ್ಮನಿಗೆ ಫೋನ್ ಮಾಡಿದರು. "ಇನ್ನು ನಾನು ನಿಮ್ಮಲ್ಲಿಗೆ ಬರ್ತೇನೆ. ಇಲ್ಲಿ ನನಗೆ ನಿದ್ದೆ ಇಲ್ಲ." ಅಮ್ಮನಿಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಮದುವೆಯಾಗಿ ಬಂದ ದಿನದಿಂದ ಅಜ್ಜಿ ಆ ಜಾಗ ಬಿಟ್ಟು ಬೇರೆಲ್ಲೂ ಇದ್ದವರಲ್ಲ. ಶಟರ್ ಮಿಸ್ತ್ರಿಯನ್ನು ಕೇಳಿದರೆ "ಹಳತಾಯಿತು, ಹೊಸತು ಹಾಕಿಸಿ" ಎಂದರು. ಅವರು ಹೇಳಿದ ರೇಟು ಕೇಳಿ ಮಾವ ಸುಮ್ಮನಾದರು. ಆಗ ನಾನು ಒಂದು ಭಾನುವಾರ ಅಲ್ಲಿಗೆ ಹೋದೆ. ಹೋದದ್ದು ಶಟರ್ ನೋಡಲಿಕ್ಕೆ. ಆದರೆ ಅಜ್ಜಿ ಜಗಲಿಯಲ್ಲಿ ಕುಳಿತು ಹೇಳಿದ್ದು ಶಟರ್ ಬರುವ ಮೊದಲಿನ ಕತೆ.

ಈಗ ಟೆಂಪೋ ನಿಲ್ಲುವ ಜಾಗದಲ್ಲಿ ಮೊದಲು ಅಜ್ಜನ ಜೀನಸಿನ ಅಂಗಡಿ ಇತ್ತು. ಹಂಚಿನ ಮಾಡು, ಹಲಗೆ ಬಾಗಿಲು. ಈಗಿನ ಮಕ್ಕಳಿಗೆ ಹಲಗೆ ಬಾಗಿಲು ಎಂದರೆ ಗೊತ್ತಾಗಲಿಕ್ಕಿಲ್ಲ. ಮೇಲೊಂದು, ಕೆಳಗೊಂದು ಮರದ ದಾರಂದ, ಎರಡರಲ್ಲೂ ಉದ್ದಕ್ಕೆ ಕೊರೆದ ಗಾಡಿ. ಅದರೊಳಗೆ ಒಂದೊಂದೇ ಹಲಗೆಯನ್ನು ನಿಲ್ಲಿಸಿ ಪಕ್ಕಕ್ಕೆ ಸರಿಸಬೇಕು. ಹಲಗೆ ಅದಲುಬದಲಾಗದಂತೆ ಪ್ರತಿಯೊಂದಕ್ಕೂ ನಂಬರ್ ಬರೆದಿರುತ್ತಿತ್ತು. ಕೊನೆಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಒಂದು ಬೀಗ. ಮಂಗಳೂರಿನ ಬಂದರು ಕಡೆಯ ಹಳೆ ಅಂಗಡಿಗಳಲ್ಲಿ ಇಂಥ ಬಾಗಿಲನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ.

ಮನೆಯ ಬಾಗಿಲು ಬೇರೆ ರೀತಿಯದ್ದು. ಅದಕ್ಕೆ ಕಬ್ಬಿಣದ ತಿರುಗಣೆ ಇರಲಿಲ್ಲ. ಬಾಗಿಲಿನ ಮೂಲೆಯಲ್ಲಿ ಮರವನ್ನೇ ಗೂಟದ ಹಾಗೆ ಕೆತ್ತಿ ಹೊಸ್ತಿಲಿನ ಗುಳಿಯಲ್ಲಿ ಕೂರಿಸುತ್ತಿದ್ದರು. ಅದು ಕಿರ್ರೆಂದರೆ ಗುಳಿಗೆ ಎರಡು ಹನಿ ತೆಂಗಿನೆಣ್ಣೆ. ಅಷ್ಟೇ ರಿಪೇರಿ.

"ಬೇಶ ತಿಂಗಳು ಬಂತೆಂದರೆ ಮನೆಯಲ್ಲಿ ಎಲ್ಲರಿಗೂ ಕೆಲಸ," ಎಂದರು ಅಜ್ಜಿ. ಮಳೆ ಹಿಡಿಯುವ ಮೊದಲು ಮಾಡಿನ ಹಂಚು ತೆಗೆದು ಒಡೆದದ್ದನ್ನು ಬದಲಿಸುವುದು, ಪಕ್ಕಾಸು ನೋಡುವುದು, ಮರಕ್ಕೆ ಗೇರೆಣ್ಣೆ ಹಚ್ಚುವುದು, ಹಲಗೆ ಬಾಗಿಲಿನ ಗಾಡಿಯಲ್ಲಿ ಕೂತ ಮಣ್ಣು ಕೆರೆದು ತೆಗೆಯುವುದು. ಗೇರುಬೀಜದ ಸಿಪ್ಪೆಯಿಂದ ಬರುವ ಆ ಕಪ್ಪು ಎಣ್ಣೆ ಗೆದ್ದಲನ್ನು ದೂರ ಇಡುತ್ತಿತ್ತು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಊರಲ್ಲಿ ಮರದ ಬಾಗಿಲು ತಲೆಮಾರುಗಟ್ಟಲೆ ಬಾಳಿದ್ದು ಮರದ ಗುಣದಿಂದ ಮಾತ್ರ ಅಲ್ಲ, ಈ ವಾರ್ಷಿಕ ಆರೈಕೆಯಿಂದ.

ಬಾಗಿಲನ್ನು ಕಾಯುತ್ತಿದ್ದ ಇನ್ನೊಂದು ವಸ್ತು ಹಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು 1865ರಲ್ಲಿ ನೇತ್ರಾವತಿ ದಡದಲ್ಲಿ, ಮೋರ್ಗನ್ಸ್ ಗೇಟ್ ಬಳಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಊರವರ ಕಾರ್ಖಾನೆಗಳೂ ಎದ್ದವು. ಮುಳಿಹುಲ್ಲಿನ ಮಾಡು ಹೋಗಿ ಕೆಂಪು ಹಂಚಿನ ಮಾಡು ಬಂತು. ಹಂಚಿನ ಮಾಡು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡು ಇಳಿಯುತ್ತದೆ. ಗಾಳಿ ಮಳೆಯ ಎರಚಲು ಬಾಗಿಲಿಗೆ ನೇರವಾಗಿ ಬಡಿಯುವುದಿಲ್ಲ.

ಇನ್ನು ಶಟರಿನ ಕತೆ. ಅದು ಹುಟ್ಟಿದ್ದು ದೂರದ ಊರಲ್ಲಿ. 1830ರ ದಶಕದಲ್ಲಿ ಲಂಡನ್ನಿನ ಬನೆಟ್ ಎಂಬವರು ಕಬ್ಬಿಣದ ಪಟ್ಟಿಗಳು ಸುರುಳಿ ಸುತ್ತಿಕೊಳ್ಳುವ ಶಟರಿಗೆ ಪೇಟೆಂಟ್ ಪಡೆದರು. ಕಳ್ಳರಿಂದ, ಬೆಂಕಿಯಿಂದ ಅಂಗಡಿ ಕಾಯುವುದು ಉದ್ದೇಶ. ಮೊದಮೊದಲು ಹಿಡಿಕೆ ತಿರುಗಿಸಿ ಅದನ್ನು ಎತ್ತಬೇಕಿತ್ತು. ಪೈಪಿನೊಳಗೆ ಸ್ಪ್ರಿಂಗ್ ಕೂರಿಸಿದ ಮೇಲೆ ಕೈಯಿಂದ ತಳ್ಳಿದರೆ ಸಾಕು, ತಾನೇ ಸುತ್ತಿಕೊಂಡು ಮೇಲೆ ಹೋಗುವ ಶಟರ್ ಬಂತು. ನಮ್ಮ ದೇಶದಲ್ಲೂ ಇದು ಎಷ್ಟು ಹರಡಿತೆಂದರೆ ಭಾರತೀಯ ಮಾನಕ ಸಂಸ್ಥೆ ಲೋಹದ ರೋಲಿಂಗ್ ಶಟರಿಗಾಗಿಯೇ ಒಂದು ಮಾನದಂಡ ಮಾಡಿತು. ಐಎಸ್ 6248 ಎಂಬ ಅದರ 1979ರ ಆವೃತ್ತಿಯ ಹೆಸರನ್ನು ಇಂದಿಗೂ ಟೆಂಡರು ಕಾಗದಗಳಲ್ಲಿ ಕಾಣಬಹುದು.

ಅಮೆರಿಕದವರು ಬೇರೆ ದಾರಿ ಹಿಡಿದರು. ಅಲ್ಲಿ ಕಾರಿನ ಮನೆಗೆಂದೇ ಬಾಗಿಲು ಮಾಡಿದರು. 1921ರಲ್ಲಿ ಸಿ.ಜಿ. ಜಾನ್ಸನ್ ಎಂಬವರು ಅಗಲ ತುಂಡುಗಳಾಗಿ ಮಡಚಿಕೊಂಡು ಮೇಲೆ ಸರಿಯುವ ಗ್ಯಾರೇಜ್ ಬಾಗಿಲು ಮಾಡಿದರು. 1926ರಲ್ಲಿ ಅದಕ್ಕೆ ವಿದ್ಯುತ್ ಯಂತ್ರವನ್ನೂ ಜೋಡಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಯೂಟ್ಯೂಬಿನಲ್ಲಿ ಗ್ಯಾರೇಜ್ ಬಾಗಿಲಿನ ಸದ್ದು ನಿಲ್ಲಿಸುವುದು ಹೇಗೆಂದು ಹುಡುಕಿದರೆ ಸಿಗುವುದು ಹೆಚ್ಚಾಗಿ ಆ ಬಾಗಿಲಿನ ಪಾಠ. ಚಕ್ರಕ್ಕೆ ಎಣ್ಣೆ ಬಿಡಿ, ನೈಲಾನ್ ಚಕ್ರ ಹಾಕಿ ಎನ್ನುತ್ತಾರೆ. ನಮ್ಮ ಶಟರಿನಲ್ಲಿ ಅಂಥ ಚಕ್ರವೇ ಇಲ್ಲ. ನಮ್ಮಲ್ಲಿ ಗ್ಯಾರೇಜ್ ಎಂದರೆ ಗಾಡಿ ರಿಪೇರಿ ಮಾಡುವ ಜಾಗ. ಮನೆಯ ಗಾಡಿ ನಿಲ್ಲುವುದು ಶೆಡ್ಡಿನಲ್ಲಿ, ಆ ಶೆಡ್ಡಿಗೆ ಇರುವುದು ಅಂಗಡಿಯ ಶಟರ್.

ಅಂಗಡಿಯ ಶಟರ್ ಮನೆಗೆ ಬಂದದ್ದು ಹೈವೇಯಿಂದ. ವಾಮಂಜೂರಿನ ನಡುವೆ ಹೋಗುವ ರಸ್ತೆ ಗುರುಪುರ, ಕೈಕಂಬ, ಮೂಡುಬಿದಿರೆ ದಾಟಿ ಕಾರ್ಕಳಕ್ಕೆ ಸಾಗುತ್ತದೆ. ಹಿಂದೆ ಅದರ ನಂಬರ್ 13, ಈಗ 169. ರಸ್ತೆ ಬದಿಯಲ್ಲಿ ಮನೆ ಕಟ್ಟುವವರು ಕೆಳಗೆ ಒಂದು ಅಂಗಡಿ ಕೋಣೆ ಇರಲಿ, ಬಾಡಿಗೆ ಬಂದರೆ ಬರಲಿ ಎಂದು ಶಟರ್ ಹಾಕಿಸಿದರು. ನಮ್ಮ ಅಜ್ಜನೂ ಹಂಚಿನ ಮನೆ ತೆಗೆದು ತಾರಸಿ ಮನೆ ಕಟ್ಟಿಸಿದಾಗ ಹಾಗೆಯೇ ಮಾಡಿದರು. ಅವರ ಕಾಲದ ನಂತರ ಅಂಗಡಿ ಮುಚ್ಚಿತು, ಕೋಣೆ ಶೆಡ್ಡಾಯಿತು. ಚಾಚಿದ ಮಾಡು ಹೋಗಿತ್ತು. ಬಾಗಿಲು ಮಾತ್ರ ಮಳೆಗೆ ಮೈಯೊಡ್ಡಿ ನಿಂತಿತ್ತು. ಹಲಗೆ ಬಾಗಿಲಿನ ಜೊತೆಗೇ ಬೇಶ ತಿಂಗಳ ಕೆಲಸವೂ ಹೋಯಿತು. ಕಬ್ಬಿಣಕ್ಕೆ ಏನು ಆರೈಕೆ ಎಂದು ಎಲ್ಲರೂ ಅಂದುಕೊಂಡೆವು.

ಆ ಭಾನುವಾರ ಶಟರನ್ನು ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಆರೈಕೆ ಪೂರ್ತಿ ನಿಂತಿರಲಿಲ್ಲ, ತಪ್ಪು ದಾರಿಗೆ ಹೋಗಿತ್ತು. ಮಾವ ಸದ್ದು ಹೆಚ್ಚಾದಾಗಲೆಲ್ಲ ಟೆಂಪೋದಿಂದ ತೆಗೆದ ಹಳೆ ಇಂಜಿನ್ ಆಯಿಲನ್ನು ಎರಡು ಬದಿಯ ಗೈಡಿಗೆ ಸುರಿಯುತ್ತಿದ್ದರು. ಎರಡು ದಿನ ಸದ್ದು ಕಡಿಮೆ. ಆಮೇಲೆ ಹೈವೇಯ ಕೆಂಪು ಧೂಳು ಆ ಎಣ್ಣೆಗೆ ಅಂಟಿ ಮರಳು ಕಾಗದದ ಹಾಗೆ ಆಗುತ್ತಿತ್ತು. ಮೀನಿನ ಬಾಕ್ಸಿನಿಂದ ಸೋರುವ ಉಪ್ಪುನೀರು ನೆಲದಲ್ಲಿ ನಿಂತು ಕೆಳಗಿನ ಪಟ್ಟಿಯನ್ನೂ ಗೈಡಿನ ಬುಡವನ್ನೂ ತಿಂದಿತ್ತು.

ನಾವು ಮಾಡಿದ್ದು ಇಷ್ಟು. ಟೆಂಪೋ ಹೊರಗೆ ನಿಲ್ಲಿಸಿ ಶಟರನ್ನು ಪೂರ್ತಿ ಕೆಳಗಿಳಿಸಿದೆವು. ಗೈಡಿನ ಒಳಗಿನ ಹಳೆ ಎಣ್ಣೆ, ಮಣ್ಣನ್ನು ಕಡ್ಡಿಯಿಂದ ಕೆರೆದು, ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದೆವು. ಈ ಕೆಲಸದ ಹತ್ತಿರ ಬೀಡಿ, ಬೆಂಕಿ ಬೇಡ. ಒಣಗಿದ ಮೇಲೆ ಶಟರನ್ನು ಎತ್ತಿ, ಖಾಲಿ ಗೈಡಿನ ಒಳಬದಿಗೆ ಮೇಣದ ಬತ್ತಿಯನ್ನು ಚೆನ್ನಾಗಿ ತಿಕ್ಕಿದೆವು. ಸಿಲಿಕಾನ್ ಸ್ಪ್ರೇ ಇದ್ದರೆ ಅದೂ ಆಗುತ್ತದೆ. ಗ್ರೀಸ್ ಮತ್ತು ಹಳೆ ಆಯಿಲ್ ಮಾತ್ರ ಬೇಡ.

ಪಟ್ಟಿ ಪಟ್ಟಿಯ ನಡುವಿನ ಕೊಂಡಿಯೂ ತುಕ್ಕು ಹಿಡಿದರೆ ಕಿರುಚುತ್ತದೆ. ಅಲ್ಲಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಬಟ್ಟೆಯಿಂದ ಸವರಿ, ಹೆಚ್ಚಾದದ್ದನ್ನು ಒರೆಸಿದೆವು. ಬಲಬದಿಯ ಗೈಡು ಟೆಂಪೋ ತಾಗಿ ಒಂದು ಕಡೆ ಒಳಕ್ಕೆ ಬಗ್ಗಿತ್ತು. ಒಳಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ನೇರ ಮಾಡಿದೆವು. ಎರಡು ಪಟ್ಟಿಗಳು ತುದಿಯ ಲಾಕ್ ಬಿದ್ದುಹೋಗಿ ಎಡಕ್ಕೆ ಸರಿದಿದ್ದವು. ಗಡಗಡ ಸದ್ದಿನ ದೊಡ್ಡ ಪಾಲು ಅಲ್ಲಿಂದಲೇ. ಅವನ್ನು ಮರದ ಕೊಡತಿಯಿಂದ ತಟ್ಟಿ ಜಾಗಕ್ಕೆ ತಂದು ಹೊಸ ಲಾಕ್ ರಿವಿಟ್ ಹೊಡೆಸಿದೆವು. ಕೊನೆಗೆ ಅಡಿಯ ಪಟ್ಟಿಗೆ ಹಳೆ ಟಯರ್ ಟ್ಯೂಬನ್ನು ಸೀಳಿ ಉದ್ದಕ್ಕೆ ಬಿಗಿದೆವು. ಕಬ್ಬಿಣ ಸಿಮೆಂಟ್ ನೆಲಕ್ಕೆ ಬಡಿಯುವ ಸದ್ದು ಅದರಿಂದ ನಿಂತಿತು.

ಒಂದನ್ನು ನಾವು ಮುಟ್ಟಲಿಲ್ಲ. ಮೇಲಿನ ಪೈಪ್ ಮತ್ತು ಅದರೊಳಗಿನ ಸ್ಪ್ರಿಂಗ್. ಸ್ಪ್ರಿಂಗನ್ನು ಎಷ್ಟು ತಿರುಚುತ್ತೇವೋ ಅಷ್ಟೇ ಬಲದಿಂದ ಅದು ತಿರುಗಿ ನಿಲ್ಲುತ್ತದೆ. ಇದರ ಮೂಲ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟಿದ್ದಾರೆ. 8 ಅಡಿ ಅಗಲ, 7 ಅಡಿ ಎತ್ತರದ ಶಟರ್ ಸುಮಾರು 50ರಿಂದ 70 ಕಿಲೋ ತೂಗಬಹುದು. ಒಂದು ಕೈಯಲ್ಲಿ ಅದನ್ನು ಎತ್ತಲಿಕ್ಕೆ ಆಗುವುದು ಆ ತೂಕವನ್ನು ಸ್ಪ್ರಿಂಗ್ ಹೊತ್ತಿರುವುದರಿಂದ. ಶಟರ್ ಕೆಳಗಿರುವಾಗಲೇ ಅದು ಅತಿ ಬಿಗಿಯಾಗಿರುತ್ತದೆ. ಆಗ ಬ್ರಾಕೆಟಿನ ಬೋಲ್ಟ್ ಬಿಚ್ಚಿದರೆ ಪೈಪು ಗಿರ್ರೆಂದು ತಿರುಗಿ ಕೈ ಮುರಿಯಬಹುದು, ತಲೆಗೂ ಬೀಳಬಹುದು. ಮಂಗಳೂರಿಗೆ ಸ್ಪ್ರಿಂಗ್ ಹೊಸತಲ್ಲ. ವಿ.ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ಲಾರಿ, ಬಸ್ಸುಗಳ ಪಟ್ಟಿ ಸ್ಪ್ರಿಂಗಿಗೆ ಹೆಸರಾದದ್ದು ಇದೇ ಊರಲ್ಲಿ. ಆದರೆ ಅದು ತಿಳಿದವರ ಕೈಯ ಕೆಲಸ. ಶಟರ್ ಒಮ್ಮೆಗೇ ಭಾರವಾದರೆ, ಅರ್ಧದಲ್ಲಿ ನಿಲ್ಲದೆ ತಾನೇ ಕೆಳಗೆ ಬಿದ್ದರೆ, ಕೆಂಪುಕಲ್ಲಿನ ಗೋಡೆಯಲ್ಲಿ ಬ್ರಾಕೆಟ್ ಅಲುಗಾಡುವುದು ಕಂಡರೆ ಶಟರ್ ಮಿಸ್ತ್ರಿಗೇ ಹೇಳಬೇಕು. ಅದರ ಖರ್ಚು ಉಳಿಸಲಿಕ್ಕೆ ಹೋಗಬಾರದು.

ನಮಗೆ ಖರ್ಚಾದದ್ದು ಮೇಣದ ಬತ್ತಿ, ಬ್ರಶ್, ಸ್ವಲ್ಪ ಎಣ್ಣೆ, ಎರಡು ಲಾಕ್, ಮತ್ತೆ ಅರ್ಧ ದಿನ. ಸದ್ದು ಪೂರ್ತಿ ಹೋಗಲಿಲ್ಲ. ಕಬ್ಬಿಣ ಸುತ್ತಿಕೊಳ್ಳುವಾಗ ಸ್ವಲ್ಪ ಸರಸರ ಇದ್ದೇ ಇರುತ್ತದೆ. ಆದರೆ ಗಡಗಡ ಹೋಯಿತು.

ಅಂದು ರಾತ್ರಿ ನಾನು ಅಲ್ಲೇ ಉಳಿದೆ. ಬೆಳಗ್ಗೆ 5 ಗಂಟೆಗೆ ಅಜ್ಜಿ ಎದ್ದು ಬಂದು ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕೇಳಿದರು, "ಎಂತ, ಇವತ್ತು ಅವ ಧಕ್ಕೆಗೆ ಹೋಗ್ಲಿಲ್ವಾ?" ಮಾವ ಹೋಗಿ ಒಂದು ಗಂಟೆ ಆಗಿತ್ತು.

ಅಜ್ಜಿ ಈಗಲೂ ವಾಮಂಜೂರಿನಲ್ಲೇ ಇದ್ದಾರೆ. ಶೆಡ್ಡಿನ ಗೋಡೆಯ ಕ್ಯಾಲೆಂಡರಿನಲ್ಲಿ ಬೇಶ ತಿಂಗಳಿನ ಒಂದು ಭಾನುವಾರಕ್ಕೆ ಮಾವ ಪೆನ್ನಿನಿಂದ ಸುತ್ತು ಹಾಕಿದ್ದಾರೆ. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರಕ್ಕೂ ಇನ್ನೊಂದು ಸುತ್ತು ಉಂಟು. ಮೀನಿನ ಉಪ್ಪುನೀರು ಬಿದ್ದ ದಿನ ಗೈಡಿನ ಬುಡಕ್ಕೆ ಒಂದು ಕೊಡ ಸಿಹಿನೀರು ಹೊಯ್ದು ಒರೆಸುವ ಕೆಲಸವನ್ನು ಅಜ್ಜಿಯೇ ನೆನಪಿಸುತ್ತಾರೆ.