ಅಲ್ಲಿ ನಮ್ಮವರು ಯಾರುಂಟು? – ನುಂಗಂಬಾಕ್ಕದ ಕಾಲೇಜುಗಳ ಕತೆ

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ಮೇಲೆ ಒಂದು ತಿಂಗಳು ನನ್ನ ಫೋನಿಗೆ ಬಿಡುವಿಲ್ಲ. ಚೆನ್ನೈಗೆ ಬಂದು ಮೂವತ್ತು ವರ್ಷದ ಮೇಲಾಯಿತಲ್ಲ, ಊರಿನವರ ಲೆಕ್ಕದಲ್ಲಿ ನಾನು ಇಲ್ಲಿಯ ಎಲ್ಲ ಕಾಲೇಜುಗಳ ಸಂಬಳವಿಲ್ಲದ ಏಜೆಂಟು. ಫೀಸು ಎಷ್ಟು, ಹಾಸ್ಟೆಲ್ ಊಟ ಹೇಗೆ, ನೀರಿಗೆ ತೊಂದರೆ ಉಂಟಾ... ಇದೆಲ್ಲ ಕೇಳಿ ಮುಗಿದ ಮೇಲೆ ಸ್ವಲ್ಪ ದನಿ ತಗ್ಗಿಸಿ ಒಂದು ಪ್ರಶ್ನೆ ಬರುತ್ತದೆ: "ಅಲ್ಲ ಮಾರಾಯ್ರೆ, ಅಲ್ಲಿ ನಮ್ಮವರು ಅಂತ ಯಾರುಂಟು?"

ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ಕಷ್ಟ. ಯಾಕೆಂದರೆ ಅದು 1812ರಿಂದ ಶುರುವಾಗುತ್ತದೆ! ಆದ್ದರಿಂದ ಇಲ್ಲೇ ಬರೆದುಬಿಡುತ್ತೇನೆ.

ನುಂಗಂಬಾಕ್ಕದಲ್ಲಿ ಕಾಲೇಜ್ ರೋಡು ಅಂತ ಒಂದು ರಸ್ತೆ ಇದೆ. ದೊಡ್ಡ ದೊಡ್ಡ ಮರಗಳ ನೆರಳಿನ ರಸ್ತೆ. ಆ ಹೆಸರು ಯಾಕೆ ಬಂತು ಎಂದು ಕೇಳಿದರೆ ಹೆಚ್ಚಿನವರು ಅಲ್ಲೇ ಇರುವ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಗೇಟು ತೋರಿಸುತ್ತಾರೆ. ಆದರೆ ಹೆಸರು ಆ ಕಾಲೇಜಿಗಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯವರು 1812ರಲ್ಲಿ ಕಾಲೇಜ್ ಆಫ್ ಫೋರ್ಟ್ ಸೇಂಟ್ ಜಾರ್ಜ್ ಎಂಬ ಸಂಸ್ಥೆ ಶುರು ಮಾಡಿದರು. ಮುಂದೆ ಈ ರಸ್ತೆಯಲ್ಲಿದ್ದ ಮೂರಾಟ್ ಎಂಬ ಅರ್ಮೇನಿಯನ್ ವ್ಯಾಪಾರಿಯ ತೋಟದ ಬಂಗಲೆ ಅದರ ನೆಲೆಯಾಯಿತು. ಈಗ ಅಲ್ಲಿ ಶಿಕ್ಷಣ ಇಲಾಖೆಯ ಕಚೇರಿಗಳಿವೆ. 2022ರಲ್ಲಿ ಆ ಆವರಣಕ್ಕೆ ಪೇರಾಸಿರಿಯರ್ ಅನ್ಬಳಗನ್ ಅವರ ಹೆಸರಿಟ್ಟರು. ಆದರೆ ಆಟೋದವರಿಗೆ ಇವತ್ತಿಗೂ 'ಡಿಪಿಐ' ಎಂದರೇನೇ ಗೊತ್ತಾಗುವುದು.

ಅಲ್ಲಿ ಓದುತ್ತಿದ್ದವರು ಯಾರು ಗೊತ್ತಾ? ಹಡಗಿನಲ್ಲಿ ಆಗಷ್ಟೇ ಬಂದಿಳಿದ ಇಂಗ್ಲಿಷ್ ಹುಡುಗರು. ಮುಂದೆ ಜಿಲ್ಲೆಗಳಿಗೆ ಅಧಿಕಾರಿಗಳಾಗಿ ಹೋಗಬೇಕಾದವರು. ಅವರು ಓದಬೇಕಾಗಿದ್ದದ್ದು ತಮಿಳು, ತೆಲುಗು, ಮಲಯಾಳ, ಮತ್ತೆ ನಮ್ಮ ಕನ್ನಡ! ಕಲಿಸುತ್ತಿದ್ದವರು ನಮ್ಮ ದೇಶದ ಮುನ್ಷಿಗಳು, ಪಂಡಿತರು. ಭಾಷೆಯ ಪರೀಕ್ಷೆ ಪಾಸಾದರೆ ಸಂಬಳ ಏರುತ್ತಿತ್ತು. ಅದೇ ಕಾಲೇಜಿನ ಅಚ್ಚುಕೂಟದಿಂದ 1820ರಲ್ಲಿ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಹೊರಬಂತು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದೂ ಅಲ್ಲೇ. ಅಂದರೆ ಮಂಗಳೂರಿನಲ್ಲಿ ಕಿಟೆಲ್ ನಿಘಂಟು ಬರುವುದಕ್ಕೆ ಅರವತ್ತು ವರ್ಷ ಮೊದಲು. ಆ ಕಾಲೇಜನ್ನು ಕಟ್ಟಿದ ಎಲ್ಲಿಸ್ ಎಂಬಾತ 1816ರಲ್ಲಿ ತಮಿಳು, ತೆಲುಗು, ಕನ್ನಡದ ಪದಗಳನ್ನು ಅಕ್ಕಪಕ್ಕ ಇಟ್ಟು ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಬೇರಿನ ಅಕ್ಕತಂಗಿಯರು ಎಂದು ತೋರಿಸಿದ. ಕಾಲ್ಡ್‌ವೆಲ್ ತನ್ನ ಪ್ರಸಿದ್ಧ ಪುಸ್ತಕ ಬರೆದದ್ದು 1856ರಲ್ಲಿ. ಎಲ್ಲಿಸ್ ಅವನಿಗಿಂತ ನಲವತ್ತು ವರ್ಷ ಮುಂದೆ.

ಕನ್ನಡಕ್ಕೆ ನುಂಗಂಬಾಕ್ಕಂ ಪರಸ್ಥಳವಲ್ಲ ಎಂದು ನಾನು ಹೇಳುವುದು ಈ ಧೈರ್ಯದಲ್ಲಿ.

ಈಗ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಗೇಟಿಗೆ ಬರೋಣ. ಇದು 1915ರ ಜುಲೈಯಲ್ಲಿ ಕೀಳ್ಪಾಕ್ಕದ ಒಂದು ಬಾಡಿಗೆ ಮನೆಯಲ್ಲಿ 41 ಹುಡುಗಿಯರು, 7 ಮಂದಿ ಅಧ್ಯಾಪಕರೊಂದಿಗೆ ಶುರುವಾಯಿತು. ಮರುವರ್ಷವೇ ಕಾಲೇಜ್ ರೋಡಿನ ಡವ್ಟನ್ ಹೌಸಿಗೆ ಬಂತು. ಎತ್ತರದ ಕಂಬಗಳ ಆ ಬಂಗಲೆಯನ್ನು ಈಗಲೂ ನೋಡಬಹುದು. ಬ್ರಿಟಿಷರು 1875ರಲ್ಲಿ ಪಟ್ಟದಿಂದ ಇಳಿಸಿದ ಬರೋಡದ ಮಲ್ಹಾರ ರಾವ್ ಗಾಯಕವಾಡರನ್ನು ತಂದಿರಿಸಿದ್ದ ಮನೆ ಅದು. ರಾಜನನ್ನು ಕೂಡಿಹಾಕಿದ್ದ ಮನೆಗೆ ಮುಂದೆ ಹೆಣ್ಣುಮಕ್ಕಳು ಓದಿ ಹೊರಗೆ ಹೋಗಲಿಕ್ಕೆಂದು ಬಂದರು. ಚರಿತ್ರೆ ಒಮ್ಮೊಮ್ಮೆ ಒಳ್ಳೆಯ ಕೆಲಸವನ್ನೂ ಮಾಡುತ್ತದೆ! ಮೊದಲ ಪ್ರಿನ್ಸಿಪಾಲ್ ಎಲಿನಾರ್ ಮೆಕ್‌ಡೂಗಲ್ 1938ರವರೆಗೆ ಅಲ್ಲಿದ್ದರು.

ಅಂದ ಹಾಗೆ, ಕೆಲವರು ಕೇಳುತ್ತಾರೆ, ನಮ್ಮ ಕಡೆಯವರು ಓದಲಿಕ್ಕೆ ಮದ್ರಾಸಿಗೇ ಯಾಕೆ ಬರಬೇಕಿತ್ತು ಅಂತ. ಹೊಸ ಕಾಲದ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಗೆ, ಎಂದರೆ ಈಗಿನ ಉಡುಪಿ, ಮಂಗಳೂರು, ಕಾಸರಗೋಡು ಸೇರಿದ ನಾಡಿಗೆ, ಮದ್ರಾಸೇ ರಾಜಧಾನಿ. ಬಳ್ಳಾರಿಗೂ ಅದೇ, ಕೊಳ್ಳೇಗಾಲಕ್ಕೂ ಅದೇ. ಮದ್ರಾಸ್ ವಿಶ್ವವಿದ್ಯಾಲಯ 1857ರದ್ದು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅಲ್ಲಿಯವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರೂ ಮದ್ರಾಸಿನ ಪರೀಕ್ಷೆಯನ್ನೇ ಬರೆಯುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಬಿ.ಎ. ಕೂಡ ಮದ್ರಾಸಿನದ್ದೇ.

ನುಂಗಂಬಾಕ್ಕದ ಕಾಲೇಜುಗಳು ಹುಟ್ಟುವ ಮೊದಲು ನಮ್ಮವರು ಹೋಗುತ್ತಿದ್ದದ್ದು ಮರೀನಾ ತೀರದ ಪ್ರೆಸಿಡೆನ್ಸಿ ಕಾಲೇಜಿಗೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ಅಲ್ಲಿಂದ 1905ರಲ್ಲಿ ಪದವಿ ಪಡೆದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ರೈಲೇ ಇಲ್ಲದ ಊರಿನಿಂದ ಹೊರಟ ಹುಡುಗ ಮುಂದೆ ಭಾರತದ ಸಂವಿಧಾನ ಸಭೆಯ ಸಲಹೆಗಾರರಾದರು. ನಮ್ಮ ಮಾಸ್ತಿಯವರು ಇಂಗ್ಲಿಷ್ ಎಂ.ಎ. ಮಾಡಿದ್ದೂ ಮದ್ರಾಸಿನಲ್ಲೇ, 1914ರಲ್ಲಿ.

ಮತ್ತೊಬ್ಬರನ್ನು ಹೇಳಲೇಬೇಕು. ಮಂಗಳೂರಿನ ಕಮಲಾದೇವಿ. ಎಳೆ ವಯಸ್ಸಿನಲ್ಲೇ ಮದುವೆಯಾಗಿ, ಸ್ವಲ್ಪ ದಿನದಲ್ಲೇ ವಿಧವೆಯಾದ ಹುಡುಗಿ. ಆ ಕಾಲದಲ್ಲಿ ಅಂಥ ಹುಡುಗಿಯ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆಕೆ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಬಂದರು. ಅಲ್ಲಿ ಜೊತೆಗೆ ಓದುತ್ತಿದ್ದವಳು ಸುಹಾಸಿನಿ, ಸರೋಜಿನಿ ನಾಯ್ಡು ಅವರ ತಂಗಿ. ಈ ಗೆಳತಿಯ ಮೂಲಕ ಅವಳ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ, ಮದುವೆ, ನಾಟಕ, ಆಮೇಲೆ ಸ್ವಾತಂತ್ರ್ಯ ಚಳುವಳಿ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಚುನಾವಣೆಗೂ ನಿಂತರು, ತೀರಾ ಕಡಿಮೆ ಮತಗಳಲ್ಲಿ ಸೋತರು. ಕಮಲಾದೇವಿಯವರು ಆ ಕಾಲೇಜಿನಲ್ಲಿ ಯಾವ ಪಾಠ ಓದಿದರು ಎಂದು ಇವತ್ತು ಯಾರೂ ಕೇಳುವುದಿಲ್ಲ. ಅಲ್ಲಿ ಯಾರ ಸ್ನೇಹವಾಯಿತು ಎನ್ನುವುದು ಮಾತ್ರ ಚರಿತ್ರೆಯಲ್ಲಿ ಉಳಿಯಿತು.

ಇನ್ನು ನುಂಗಂಬಾಕ್ಕದ ಇನ್ನೊಂದು ಕೊನೆಗೆ ಹೋಗೋಣ. ಹೈರೋಡು ದಾಟಿ ಸ್ಟರ್ಲಿಂಗ್ ರೋಡು ಹಿಡಿದರೆ ರೈಲ್ವೆ ಸ್ಟೇಷನ್ನಿನ ಬಳಿ ಲೊಯೋಲ ಕಾಲೇಜು. ಫ್ರೆಂಚ್ ಜೆಸ್ವಿಟ್ ಪಾದ್ರಿ ಫ್ರಾನ್ಸಿಸ್ ಬರ್ಟ್ರಾಂ 1925ರಲ್ಲಿ ಇದನ್ನು ಶುರು ಮಾಡಿದಾಗ ಇದ್ದದ್ದು 75 ಹುಡುಗರು. ಗಣಿತ, ಚರಿತ್ರೆ, ಅರ್ಥಶಾಸ್ತ್ರ, ಮೂರೇ ವಿಷಯ. ಆಗ ಆ ಕಡೆಯೆಲ್ಲ ಕೆರೆ. ನುಂಗಂಬಾಕ್ಕಂ ಕೆರೆ, ಮಾಂಬಲಂ ಕೆರೆ ಎಂದು ಉದ್ದಕ್ಕೆ ನೀರೇ ನೀರು. ಮಾಂಬಲಂ ಕೆರೆಯನ್ನು ಬತ್ತಿಸಿ ಟಿ. ನಗರ ಕಟ್ಟಿದ್ದು ಅದೇ ಸುಮಾರಿಗೆ. ನುಂಗಂಬಾಕ್ಕಂ ಕೆರೆಯ ಜಾಗದಲ್ಲಿ 1970ರ ದಶಕದಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ಟ್ಯಾಂಕ್ ಬಂಡ್ ರೋಡು, ಲೇಕ್ ಏರಿಯಾ ಎಂಬ ಹೆಸರುಗಳಲ್ಲಿ ಮಾತ್ರ ಈಗ ನೀರು ಉಳಿದಿದೆ.

ಈ ಲೊಯೋಲಕ್ಕೆ 1942ರಿಂದ 1950ರವರೆಗೆ ಮುಖ್ಯಸ್ಥರಾಗಿದ್ದವರು ಯಾರು ಹೇಳಿ? ಮಂಗಳೂರಿನ ಫಾದರ್ ಜೆರೋಮ್ ಡಿಸೋಜ! 1897ರಲ್ಲಿ ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಲೊಯೋಲಕ್ಕೆ ಬರುವ ಮೊದಲು ತಿರುಚ್ಚಿಯ ಸೇಂಟ್ ಜೋಸೆಫ್ ಕಾಲೇಜು ನಡೆಸಿದವರು. ಲೊಯೋಲದಲ್ಲಿದ್ದಾಗಲೇ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ಸಭೆಯ ಸದಸ್ಯರಾದರು. ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಅವರು ಆಡಿದ ಮಾತುಗಳು ಸಭೆಯ ದಾಖಲೆಯಲ್ಲಿವೆ. ಆಮೇಲೆ ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲೂ ಇದ್ದರು. 1951ರಲ್ಲಿ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಒಂದೇ ಸಭೆಯಲ್ಲಿ ಸಲಹೆಗಾರರಾಗಿ ಬಿ.ಎನ್. ರಾವ್, ಸದಸ್ಯರಾಗಿ ಜೆರೋಮ್ ಡಿಸೋಜ. ಇಬ್ಬರೂ ಮಂಗಳೂರಿನವರು. ನಮ್ಮವರು ಯಾರುಂಟು ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಈ ಫಾದರದ್ದು.

ಅವರು ಬರುವುದಕ್ಕೆ ಸ್ವಲ್ಪ ಮೊದಲು ಲೊಯೋಲದಲ್ಲಿ ಕಲ್ಲಿಕೋಟೆಯ ಒಬ್ಬ ಹುಡುಗ ಓದಿ ಹೋಗಿದ್ದ. ಅದೂ ನಮ್ಮ ಪಕ್ಕದ ಕರಾವಳಿಯೇ. ಹದಿನಾಲ್ಕನೇ ವಯಸ್ಸಿಗೆ ಕಾಲೇಜು ಸೇರಿ 1940ರಲ್ಲಿ ಭೌತಶಾಸ್ತ್ರದ ಪದವಿ ಪಡೆದವನು. ಎಲ್ಲರಿಗಿಂತ ಚಿಕ್ಕವನಾದರೂ ಮೂಲೆಯಲ್ಲಿ ಕೂರಲಿಲ್ಲ, ಬಾಕ್ಸಿಂಗ್ ಕಣಕ್ಕೂ ಇಳಿದ. ಹೆಸರು ವರ್ಗೀಸ್ ಕುರಿಯನ್. ಮುಂದೆ ಗುಜರಾತಿನ ಆನಂದದಲ್ಲಿ ಅಮುಲ್ ಕಟ್ಟಿದವರು. ಗೊತ್ತಿಲ್ಲದ ಊರಿನಲ್ಲಿ ಬೇರು ಬಿಡುವ ಅಭ್ಯಾಸ ಅವರಿಗೆ ಇಲ್ಲೇ ಆಗಿರಬೇಕು ಎಂದು ನನ್ನ ಅನಿಸಿಕೆ.

ಹಾಗಾದರೆ ಈ ದಾರಿ ತಪ್ಪಿದ್ದು ಯಾವಾಗ? 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಷ್ಟರಲ್ಲಿ ಊರಲ್ಲೇ ಕಾಲೇಜುಗಳು ಏಳತೊಡಗಿದ್ದವು. ಮದ್ರಾಸಿನಲ್ಲಿ ಡಾಕ್ಟರಿ ಓದಿದ ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ತೆರೆದರು. 1960ರಲ್ಲಿ ಸುರತ್ಕಲ್ಲಿಗೆ ಇಂಜಿನಿಯರಿಂಗ್ ಕಾಲೇಜು ಬಂತು. ಮಕ್ಕಳು ಮದ್ರಾಸ್ ರೈಲು ಹತ್ತುವ ಅಗತ್ಯ ಕಡಿಮೆಯಾಯಿತು. ಒಳ್ಳೆಯದೇ ಆಯಿತು ಬಿಡಿ. ಆದರೆ ಎರಡು ತಲೆಮಾರಿನಲ್ಲಿ ನಮ್ಮ ಹಳೆಯ ರಾಜಧಾನಿ 'ಅಲ್ಲಿ' ಆಗಿಹೋಯಿತು.

ಮದ್ರಾಸ್ ಮಾತ್ರ ನಮ್ಮನ್ನು ಅಷ್ಟು ಬೇಗ ಬಿಡಲಿಲ್ಲ. ಕಿಟೆಲ್ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮರಿಯಪ್ಪ ಭಟ್ಟರು ತಂದದ್ದು ಮದ್ರಾಸ್ ವಿಶ್ವವಿದ್ಯಾಲಯದಿಂದ, 1968ರಿಂದ 71ರ ನಡುವೆ. ಗಡಿ ಬೇರೆಯಾಗಿ ಹನ್ನೆರಡು ವರ್ಷ ಕಳೆದ ಮೇಲೆ! ಇನ್ನು ನಮ್ಮ ಕಡೆಯ ಕೆ. ಕೃಷ್ಣರಾಯರ ಕುಟುಂಬದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ 2008ರವರೆಗೆ ಇಲ್ಲಿಯ ಕಾಲೇಜು ಹುಡುಗ ಹುಡುಗಿಯರಿಗೆಲ್ಲ ಎರಡನೇ ಕ್ಯಾಂಪಸ್ಸು. ಒಂದು ಕಾಫಿ ತರಿಸಿ ಮೂರು ಗಂಟೆ ಹರಟೆ ಹೊಡೆದರೂ ಯಾರೂ ಏಳಿ ಅನ್ನುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಊರಿನ ಸ್ನೇಹಿತರೊಬ್ಬರು ಮಗಳನ್ನು ಕರೆದುಕೊಂಡು ಇಲ್ಲಿಯ ಒಂದು ಕಾಲೇಜು ನೋಡಲಿಕ್ಕೆ ಬಂದಿದ್ದರು. ಸೀಟು ಸಿಕ್ಕಿತ್ತು, ಆದರೆ ಅಪ್ಪನಿಗೆ ಮನಸ್ಸಿರಲಿಲ್ಲ. ಮಣಿಪಾಲದಲ್ಲೇ ಏನಾದರೂ ಓದಲಿ, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಲಿ ಎಂಬ ಲೆಕ್ಕ. ಅವರು ಆಫೀಸಿನಲ್ಲಿ ಫೀಸಿನ ಚೀಟಿ ಓದುತ್ತಾ ಕುಳಿತರು. ಹುಡುಗಿ ನೋಟಿಸ್ ಬೋರ್ಡಿನ ಮುಂದೆ ನಿಂತು ಓದತೊಡಗಿದಳು. ನಾಟಕ ತಂಡಕ್ಕೆ ಆಯ್ಕೆ, ಎನ್ನೆಸ್ಸೆಸ್ ಕ್ಯಾಂಪು, ರಕ್ತದಾನ, ಚರ್ಚಾಸ್ಪರ್ಧೆ. ಅಲ್ಲಿದ್ದ ಇಬ್ಬರು ಸೀನಿಯರ್ ಹುಡುಗಿಯರ ಹತ್ತಿರ ಅರ್ಧ ಇಂಗ್ಲಿಷ್, ಅರ್ಧ ಸಿನಿಮಾ ತಮಿಳಿನಲ್ಲಿ ಏನೋ ಕೇಳಿದಳು. ಹತ್ತು ನಿಮಿಷದಲ್ಲಿ ಮೂವರೂ ನಗುತ್ತಿದ್ದರು. ವಾಪಸು ಬಂದು, "ಮಾಮ, ಇವರ ನಾಟಕಕ್ಕೆ ಚೆಂಡೆ ಬಾರಿಸುವವರು ಬೇಕಂತೆ, ನನಗೆ ಬರ್ತದೆ ಅಂತ ಹೇಳಿದೆ" ಅಂದಳು. ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವಳು ಮೂರು ವರ್ಷ ಇಲ್ಲೇ ಓದಿದಳು.

ಆದ್ದರಿಂದ ಕಾಲೇಜು ನೋಡಲು ಬರುವವರಿಗೆ ನನ್ನದು ನಾಲ್ಕು ಮಾತು. ಕಟ್ಟಡ ನೋಡಿ, ಆದರೆ ನೋಟಿಸ್ ಬೋರ್ಡನ್ನು ಇನ್ನೂ ಹೆಚ್ಚು ನೋಡಿ. ಸಂಜೆ ನಾಲ್ಕರ ಮೇಲೆ ಒಮ್ಮೆ ಹೋಗಿ, ಮಕ್ಕಳು ಮೈದಾನದಲ್ಲಿ, ಮರದ ಕೆಳಗೆ ಇದ್ದಾರಾ ಇಲ್ಲಾ ಗಂಟೆ ಹೊಡೆದ ಕೂಡಲೇ ಖಾಲಿಯಾಗುತ್ತದಾ ಗಮನಿಸಿ. ಇಲ್ಲಿಯ ಪದವಿಯಲ್ಲಿ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಓದಬೇಕು, ಯಾವುದೆಲ್ಲ ಉಂಟು ಎಂದು ಮೊದಲೇ ಕೇಳಿಕೊಳ್ಳಿ. ಕನ್ನಡ ಸಿಗದಿದ್ದರೆ ಬೇಜಾರು ಬೇಡ, ಅದನ್ನು ಮನೆಯ ಮಾತಿನಲ್ಲಿ, ಪುಸ್ತಕದಲ್ಲಿ ಉಳಿಸಿಕೊಳ್ಳಬಹುದು. ಮತ್ತೆ, ಡಿಪಿಐ ಆವರಣದಲ್ಲಿ ಮದ್ರಾಸ್ ಲಿಟರರಿ ಸೊಸೈಟಿಯ ಹಳೆಯ ಕೆಂಪು ಕಟ್ಟಡವಿದೆ. ಆಳೆತ್ತರಕ್ಕಿಂತ ಎತ್ತರದ ಕಪಾಟುಗಳ ತುಂಬ ಹಳೆಯ ಪುಸ್ತಕ. ಮಕ್ಕಳಿಗೆ ಅದನ್ನೊಮ್ಮೆ ತೋರಿಸಿ.

ಮುಖ್ಯವಾದ ಮಾತು ಒಂದೇ. 'ನಮ್ಮವರು' ಮೊದಲೇ ಬಂದು ಕುಳಿತಿರುವುದಿಲ್ಲ. ಇನ್ನೂರು ವರ್ಷದ ಹಿಂದೆ ಕಾಲೇಜ್ ರೋಡಿಗೆ ಬಂದ ಇಂಗ್ಲಿಷ್ ಹುಡುಗರಿಗೂ ಇಲ್ಲಿ ಯಾರೂ ಇರಲಿಲ್ಲ, ಮುನ್ಷಿಯ ಎದುರು ಕುಳಿತು ಅ ಆ ಇ ಈ ತಿದ್ದಿದ ಮೇಲೆಯೇ ದಾರಿ ತೆರೆದದ್ದು. ಅವರು ಬಂದದ್ದು ಆಳಲಿಕ್ಕೆ, ನಮ್ಮ ಮಕ್ಕಳು ಬರುವುದು ಕಲಿಯಲಿಕ್ಕೆ. ಕಮಲಾದೇವಿಗೆ ಒಬ್ಬಳು ಗೆಳತಿ ಸಾಕಾಯಿತು. ಫಾದರ್ ಡಿಸೋಜರು ಮಂಗಳೂರಿನವರಾಗಿ ಉಳಿದುಕೊಂಡೇ ಮದ್ರಾಸಿನವರಾದರು. ನಿಮ್ಮ ಮಗ ಅಥವಾ ಮಗಳು ಇಲ್ಲಿ ಒಂದು ತಂಡಕ್ಕೆ ಸೇರಿದ ದಿನ, ಹಾಸ್ಟೆಲಿನಲ್ಲಿ ಯಾರದೋ ಜೊತೆ ಜಗಳವಾಡಿ ರಾಜಿಯಾದ ದಿನ, ಆಟೋದವನ ಹತ್ತಿರ ತಮಿಳಿನಲ್ಲಿ ಚೌಕಾಶಿ ಮಾಡಿದ ದಿನ, ಅಲ್ಲಿ ನಮ್ಮವರು ಇದ್ದಾರೆ ಎಂದು ತಿಳಿದುಕೊಳ್ಳಿ.

ನೀವು ಓದಿದ ಊರಿನಲ್ಲಿ ನಿಮಗೆ ಮೊದಲು 'ನಮ್ಮವರು' ಆದದ್ದು ಯಾರು? ಒಮ್ಮೆ ನೆನಪು ಮಾಡಿಕೊಳ್ಳಿ. ಹೆಚ್ಚಿನವರಿಗೆ ಅದು ತಮ್ಮ ಊರಿನವರಾಗಿರಲಿಕ್ಕಿಲ್ಲ.