ಬಡಿಯುವ ಕೈ ಮತ್ತು ಹೊಸ ಆವೃತ್ತಿ

ನಗಾರಿ ಎಂಬ ಪದವನ್ನು ನಾವು ಅಚ್ಚ ಕನ್ನಡದ್ದೆಂದೇ ಬಳಸುತ್ತ ಬಂದಿದ್ದೇವೆ. ಅದರ ಬೇರು ಇರುವುದು ಅರಬ್ಬಿಯ ‘ನಕ್ಕಾರ’ದಲ್ಲಿ. ಕುಟ್ಟುವುದು, ಬಡಿಯುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಮಾತು ಪಾರ್ಸಿ, ಉರ್ದುಗಳನ್ನು ದಾಟಿ ನಮ್ಮ ನುಡಿಗೆ ಬಂತು. ಇನ್ನೊಂದು ದಿಕ್ಕಿನಲ್ಲಿ ಶಿಲುಬೆ ಯುದ್ಧಗಳ ಕಾಲದಲ್ಲಿ ಪಶ್ಚಿಮಕ್ಕೂ ಹೋಗಿ ಮಧ್ಯಯುಗದ ಇಂಗ್ಲಿಷಿನಲ್ಲಿ ‘ನೇಕರ್’ ಆಯಿತು. ವಾದ್ಯವೊಂದು ಊರು ಬಿಟ್ಟು ಊರಿಗೆ ಹೋದಾಗ ಹೆಸರು ಬದಲಾಗುತ್ತದೆ, ಬಡಿಯುವ ಕೈಗಳೂ ಬದಲಾಗುತ್ತವೆ. ಈಗ ಅದೇ ನಗಾರಿಯ ಸಂತತಿ ಕಂಪ್ಯೂಟರಿನ ಒಳಗೆ ಬಂದು ಕುಳಿತಿದೆ. ಅಲ್ಲಿ ಬಡಿಯುವ ಕೈಯೇ ಕಾಣುವುದಿಲ್ಲ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ನಮ್ಮ ಕಡಕೊಳದಲ್ಲಿ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಮನೆಯ ಒಂದು ಕೋಣೆಯಲ್ಲಿ ಹಾಡು ಕಟ್ಟುವ ಹುಡುಗರಿದ್ದಾರೆ. ಒಬ್ಬರು ನಾತ್ ಮುದ್ರಿಸುತ್ತಾರೆ, ಇನ್ನೊಬ್ಬರು ಜನಪದ ಗೀತೆ, ಮತ್ತೊಬ್ಬರು ಕಿರುಚಿತ್ರಕ್ಕೆ ಸಂಗೀತ. ಅವರ ನಡುವೆ ಆಗಾಗ ಏಳುವ ಪ್ರಶ್ನೆ ಒಂದೇ: ಡ್ರಮ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ, ಹಣ ಕಟ್ಟಿ ಏರಿಸಿಕೊಳ್ಳಬೇಕೇ, ಇದ್ದುದರಲ್ಲೇ ಸಾಗಬೇಕೇ? ನೋಡಿದರೆ ಇದು ಅಂಗಡಿಯ ಪ್ರಶ್ನೆ. ಆದರೆ ಆ ಹಣದಲ್ಲಿ ಒಬ್ಬ ತಬಲಾದವನನ್ನೋ ತಮಟೆಯವನನ್ನೋ ಕರೆಸಿ ನುಡಿಸಬಹುದಲ್ಲ ಎಂದು ಯೋಚಿಸಿದೊಡನೆ ಅದು ಚರಿತ್ರೆಯ ಪ್ರಶ್ನೆಯಾಗುತ್ತದೆ. ಏಕೆಂದರೆ ಡ್ರಮ್ಮಿನ ಚರಿತ್ರೆಯೆಂದರೆ ಒಂದರ ಮೇಲೊಂದರಂತೆ ಬಂದ ಹೊಸ ಆವೃತ್ತಿಗಳ ಚರಿತ್ರೆಯೇ.

ಮೊಗಲರ ಕಾಲದ ನಕ್ಕಾರಖಾನೆಯನ್ನೇ ನೋಡಿ. ಅಕ್ಬರನ ನಕ್ಕಾರಖಾನೆಯಲ್ಲಿದ್ದ ವಾದ್ಯಗಳನ್ನು ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ಪಟ್ಟಿ ಮಾಡಿದ್ದಾನೆ. ಜೋಡಿ ಜೋಡಿ ನಗಾರಿಗಳು, ಭಾರೀ ದಮಾಮಗಳು, ಡೋಲುಗಳು, ತುತ್ತೂರಿಗಳು, ತಾಳಗಳು. ಸ್ವತಃ ಬಾದಶಹನೇ ನಗಾರಿ ನುಡಿಸುವುದರಲ್ಲಿ ನಿಪುಣನಾಗಿದ್ದನೆಂದೂ ಬರೆದಿದ್ದಾನೆ. ಅಲ್ಲಿ ಲಯವೆಂದರೆ ಒಬ್ಬನದಲ್ಲ, ಒಂದು ಗುಂಪಿನದು. ಗುಂಪೆಂದರೆ ಹಲವು ಮನೆಗಳ ಅನ್ನ.

ಅತ್ತ ಉಸ್ಮಾನಿ ಸುಲ್ತಾನರ ಸೈನ್ಯದ ಮುಂದೆ ಮೆಹ್ತರ್ ಎಂಬ ವಾದ್ಯಮೇಳ ನಡೆಯುತ್ತಿತ್ತು. ದೊಡ್ಡ ಡೋಲು, ಜೋಡಿ ನಗಾರಿ, ಕಂಚಿನ ತಾಳ ಅದರ ಜೀವ. 18ನೇ ಶತಮಾನದಲ್ಲಿ ಯುರೋಪಿನ ರಾಜರುಗಳು ಈ ಮೇಳದ ದೊಡ್ಡ ಡೋಲನ್ನೂ ತಾಳವನ್ನೂ ತಮ್ಮ ಪಡೆಗಳಿಗೆ ಸೇರಿಸಿಕೊಂಡರು. 1782ರಲ್ಲಿ ಮೊಜಾರ್ಟ್ ತನ್ನ ತುರ್ಕಿ ಕಥೆಯ ಸಂಗೀತ ನಾಟಕದಲ್ಲಿ ಅವನ್ನೇ ಬಳಸಿದ. ಇಂದಿಗೂ ಡ್ರಮ್ ವಾದಕರು ಮೆಚ್ಚುವ ‘ಜಿಲ್ಜಿಯನ್’ ತಾಳಗಳ ಮೂಲ 1623ರ ಇಸ್ತಾಂಬುಲ್. ಅರ್ಮೇನಿಯನ್ ಲೋಹಗಾರನೊಬ್ಬನ ವಂಶ ಅದನ್ನು 1929ರಲ್ಲಿ ಅಮೆರಿಕದಲ್ಲಿ ಮುಂದುವರಿಸಿತು. ಹೀಗಾಗಿ ‘ವೆಸ್ಟರ್ನ್ ಡ್ರಮ್ಸ್’ ಎಂದು ನಾವು ಕರೆಯುವ ವಾದ್ಯದ ಅರ್ಧ ಪೂರ್ವದ್ದು. ಅದೇ ಡೋಲು ತಾಳಗಳು ಬ್ಯಾಂಡಿನ ವೇಷದಲ್ಲಿ ಮೈಸೂರಿಗೂ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಆಟೋ ಷ್ಮಿಟ್ ನಡೆಸುತ್ತಿದ್ದರು. ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಸದ್ದು ಕೇಳುವಾಗ ನಾವು ಕೇಳುವುದು ಈ ದೀರ್ಘ ಪಯಣದ ಪ್ರತಿಧ್ವನಿಯನ್ನು.

ಇನ್ನು ಕೈಗಳ ಲೆಕ್ಕ. ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ದೊಡ್ಡ ಡೋಲಿಗೆ ಒಬ್ಬ, ಚಿಕ್ಕ ಡ್ರಮ್ಮಿಗೆ ಒಬ್ಬ, ತಾಳಕ್ಕೆ ಇನ್ನೊಬ್ಬ. 1909ರಲ್ಲಿ ಅಮೆರಿಕದ ವಿಲಿಯಂ ಲುಡ್ವಿಗ್ ಕಾಲಿನಿಂದ ದೊಡ್ಡ ಡೋಲು ಬಡಿಯುವ ಪೆಡಲನ್ನು ಮಾರುಕಟ್ಟೆಗೆ ತಂದರು. ಕುಳಿತಲ್ಲೇ ಒಬ್ಬನು ಮೂವರ ಕೆಲಸ ಮಾಡತೊಡಗಿದ. ಕಲೆಗೆ ಹೊಸ ದಾರಿ ತೆರೆಯಿತು, ಜಾಜ್ ಸಂಗೀತ ಅರಳಿತು. ಆದರೆ ಉಳಿದಿಬ್ಬರ ಕುರ್ಚಿ ಹೋಯಿತು. 1957ರ ಹೊತ್ತಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹೊದಿಕೆ ಬಂತು. ಮಳೆಗೆ ಸಡಿಲವಾಗದು, ಬಿಸಿಲಿಗೆ ಬಿಗಿಯಾಗದು. ವಾದಕನಿಗೆ ಅನುಕೂಲವಾಯಿತು, ಚರ್ಮ ಹದಮಾಡುವವನ ಕಸುಬು ಸೊರಗಿತು. ನಮ್ಮ ತಮಟೆಯವರು ಇಂದಿಗೂ ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸಿ ಶ್ರುತಿ ಕೂಡಿಸುತ್ತಾರೆ. ಆ ಬೆಂಕಿಯ ಮುಂದೆ ನಿಂತವರಿಗೆ ಗೊತ್ತು, ಶ್ರುತಿಯೂ ಒಂದು ದುಡಿಮೆ.

ಯಂತ್ರವೇ ನಾದ ಮಾಡುವುದು ನಮ್ಮ ನೆಲಕ್ಕೆ ಹೊಸತೂ ಅಲ್ಲ. ಮೈಸೂರಿನ ಆಚೆ ಬದಿಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಬಳಿ ಮರದ ಹುಲಿಯೊಂದಿತ್ತು. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತಿತ್ತು, ಅದರಡಿ ಬಿದ್ದ ಯುರೋಪಿಯನ್ ನರಳುತ್ತಿದ್ದ. ಹುಲಿಯ ಒಡಲಲ್ಲಿ ಗಾಳಿಕೊಳವೆಗಳ ಪುಟ್ಟ ಆರ್ಗನ್ ಇತ್ತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಒಯ್ದರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಯಂತ್ರ ಉಳಿಯಿತು, ಆದರೆ ಹುಲಿಯನ್ನು ಕಡೆದವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ನಮ್ಮ ಹುಡುಗರ ಸಾಫ್ಟ್‌ವೇರಿನ ನೇರ ಪೂರ್ವಜ ಹುಟ್ಟಿದ್ದು 1980ರಲ್ಲಿ. ಅಮೆರಿಕದ ರೋಜರ್ ಲಿನ್ ನಿಜವಾದ ಡ್ರಮ್ಮಿನ ಸದ್ದುಗಳನ್ನೇ ಮುದ್ರಿಸಿ ಯಂತ್ರದೊಳಗೆ ಇಟ್ಟರು. ಅದೇ ವರ್ಷ ಜಪಾನಿನ ರೋಲಾಂಡ್ ಕಂಪನಿ ‘ಟಿಆರ್-808’ ತಂದಿತು. ಅದರ ಸದ್ದು ನಿಜವಾದ ಡ್ರಮ್ಮಿನಂತಿಲ್ಲವೆಂದು ಮೂದಲಿಸಿದರು. 1983ರಲ್ಲಿ ತಯಾರಿಕೆ ನಿಂತಿತು. ಆಮೇಲೆ ಅಮೆರಿಕದ ಬಡ ಕಪ್ಪು ಹುಡುಗರು ಅದನ್ನು ಅಗ್ಗಕ್ಕೆ ಕೊಂಡು ಅದರಿಂದಲೇ ಹೊಸ ಸಂಗೀತ ಕಟ್ಟಿದರು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲೇ ಅದರ ಮೇಲೆ ರಾಗಗಳನ್ನು ನುಡಿಸಿದ್ದರು. ಅದೇ 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ಗೊತ್ತುವಳಿ ಮಾಡಿತು. ಯಂತ್ರ ನಿಲ್ಲಲಿಲ್ಲ. ಆದರೆ ಆ ಗೊತ್ತುವಳಿಯ ಹಿಂದಿದ್ದ ಭಯವನ್ನು ಸುಳ್ಳೆನ್ನಲಾದೀತೇ?

ಬೆಂಗಳೂರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಕೊಳಲು ವಾದಕರೂ ಎಂಜಿನಿಯರರೂ ಆಗಿದ್ದ ಜಿ. ರಾಜ್ ನಾರಾಯಣ್ 1979ರಲ್ಲಿ ವಿದ್ಯುನ್ಮಾನ ತಂಬೂರಿ ಮಾಡಿದರು. ಅವರ ರಾಡೆಲ್ ಸಂಸ್ಥೆ ಮುಂದೆ ವಿದ್ಯುನ್ಮಾನ ತಬಲಾವನ್ನೂ ತಂದಿತು. ತಬಲಾ ಸಾಥಿಯನ್ನು ಕರೆಸಲಾಗದ ಬಡ ವಿದ್ಯಾರ್ಥಿ ಮನೆಯಲ್ಲಿ ಒಬ್ಬನೇ ಕುಳಿತು ರಿಯಾಜ್ ಮಾಡುವಂತಾಯಿತು. ಯಂತ್ರ ಅಲ್ಲಿ ಯಾರ ಕುರ್ಚಿಯನ್ನೂ ಕಸಿಯಲಿಲ್ಲ, ಖಾಲಿಯಿದ್ದ ಕುರ್ಚಿಯಲ್ಲಿ ಕುಳಿತಿತು. ಈ ವ್ಯತ್ಯಾಸ ಮುಖ್ಯ.

ಈಗ ಹೊಸ ಆವೃತ್ತಿಯ ಮಾತು. ಸ್ವೀಡನ್ನಿನ ಟೂನ್‌ಟ್ರ್ಯಾಕ್ ಕಂಪನಿಯ ‘ಇಝೀಡ್ರಮ್ಮರ್’ 2006ರಲ್ಲಿ ಬಂತು, ಎರಡನೆಯ ಆವೃತ್ತಿ 2014ರಲ್ಲಿ, ಮೂರನೆಯದು 2022ರಲ್ಲಿ. ಅದರ ಅಣ್ಣ ‘ಸುಪೀರಿಯರ್ ಡ್ರಮ್ಮರ್ 3’ 2017ರಲ್ಲಿ ಬಂದಾಗ ಅದರ ಸದ್ದುಗಳ ಸಂಗ್ರಹವೇ ಸುಮಾರು 230 ಗಿಗಾಬೈಟ್. ಬೆಲ್ಜಿಯಂನ ಒಂದು ಸ್ಟುಡಿಯೋದಲ್ಲಿ ಒಂದೊಂದು ಡ್ರಮ್ಮನ್ನೂ ಮೆಲ್ಲಗೆ, ನಡುವಾಗಿ, ಜೋರಾಗಿ ನೂರಾರು ಸಲ ಬಡಿಸಿ, ಹಲವು ಮೈಕುಗಳಲ್ಲಿ ಮುದ್ರಿಸಿದ್ದರು. ನಾವು ಕೀಲಿ ಒತ್ತಿದ ಬಲಕ್ಕೆ 1ರಿಂದ 127ರವರೆಗೆ ಒಂದು ಅಂಕಿ ಬೀಳುತ್ತದೆ, ಯಂತ್ರ ಅದಕ್ಕೆ ತಕ್ಕ ಪೆಟ್ಟನ್ನು ಆರಿಸಿ ಕೊಡುತ್ತದೆ. ಅಂದರೆ ಒಳಗೂ ಒಬ್ಬ ಮನುಷ್ಯನ ಕೈಯಿದೆ. ಅವನಿಗೆ ಕೂಲಿ ಒಮ್ಮೆ, ಅವನ ಪೆಟ್ಟು ಕೋಟಿ ಸಲ.

ಹಾಗಾದರೆ ಏರಿಸಿಕೊಳ್ಳಬೇಕೇ? ನಮ್ಮ ಮಾತು ಇಷ್ಟು. ಹಳೆಯದು ಹೊಸ ಕಂಪ್ಯೂಟರಿನಲ್ಲಿ ಓಡುವುದೇ ಇಲ್ಲವಾದರೆ ಬೇರೆ ದಾರಿಯಿಲ್ಲ. 2019ರಲ್ಲಿ ಆಪಲ್ ಕಂಪನಿ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ ಅನೇಕರಿಗೆ ಹೀಗೇ ಆಯಿತು. ಅಂಥ ಒತ್ತಾಯವಿಲ್ಲದಿದ್ದರೆ ಮೊದಲು ಪರೀಕ್ಷಾ ಪ್ರತಿ ಸಿಕ್ಕರೆ ಅದನ್ನು ನುಡಿಸಿ ನೋಡಿ, ಡಿಸ್ಕಿನಲ್ಲಿ ಜಾಗವಿದೆಯೇ ಅಳೆಯಿರಿ, ಅರ್ಧ ಮುಗಿದ ಹಾಡುಗಳನ್ನು ಹಳೆಯ ಆವೃತ್ತಿಯಲ್ಲೇ ಮುಗಿಸಿ. ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಹೊಸ ಆವೃತ್ತಿ ತರುವ ಸದ್ದು ನನ್ನ ಹಾಡಿಗೆ ಬೇಕಾದುದೇ? ಇನ್ನಷ್ಟು ರಾಕ್ ಡ್ರಮ್ಮುಗಳು ಬಂದರೆ ಕಂಸಾಳೆಯ ಹಾಡಿಗೆ ಏನು ಲಾಭ? ಮಾದಪ್ಪನ ಗುಡ್ಡರ ಕಂಸಾಳೆ, ಕರಾವಳಿಯ ದಫ್, ಬೆಂಕಿಗೆ ಕಾದ ತಮಟೆ ಬೆಲ್ಜಿಯಂನ ಆ ಸಂಗ್ರಹದಲ್ಲಿಲ್ಲ. ಅವು ಇಲ್ಲೇ, ಬಸ್ಸಿನ ದಾರಿಯಲ್ಲೇ ಇವೆ.

ಸಾಥಿಯೇ ಸಿಗದ ಕಡೆ ಯಂತ್ರ ಸಾಥಿಯಾಗಲಿ, ತಪ್ಪಿಲ್ಲ. ಸಾಥಿ ಪಕ್ಕದ ಬೀದಿಯಲ್ಲಿದ್ದು, ಅವನಿಗೆ ಕೊಡಬೇಕಾದ ದುಡ್ಡು ಉಳಿಸಲೆಂದೇ ಯಂತ್ರ ತಂದರೆ ಅದು ಬೇರೆ ಲೆಕ್ಕ. ಅವನನ್ನು ಕರೆದು, ಸಂಭಾವನೆ ಕೊಟ್ಟು, ಅವನ ಪೆಟ್ಟುಗಳನ್ನು ಮುದ್ರಿಸಿ, ಹಾಡಿನ ಜೊತೆ ಅವನ ಹೆಸರನ್ನೂ ಬರೆಯಿರಿ. ಟಿಪ್ಪುವಿನ ಹುಲಿ ಕಡೆದವನ ಹೆಸರು ನಮಗೆ ದಕ್ಕಲಿಲ್ಲ. ಕಡಕೊಳದ ಕೋಣೆಯಲ್ಲಿ ತಮಟೆ ಬಡಿದವನ ಹೆಸರಾದರೂ ಮುಂದಿನವರಿಗೆ ದಕ್ಕಲಿ.