ತೊಗಲಿನ ವೀರರು

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಾಗರಿಕರಿಗೆ ತಮ್ಮೂರ ಬೆಟ್ಟದ ಮೇಲಣ ಕೋಟೆ ಚಿರಪರಿಚಿತವಾದುದು. ಆ ಕೋಟೆಯಲ್ಲಿ ಈಗ ಸೈನ್ಯವಿಲ್ಲ. ಆದರೆ ಅದೇ ಸೀಮೆಯ ಹಳ್ಳಿಗಳಲ್ಲಿ, ಕಿಳ್ಳೇಕ್ಯಾತರ ಒಂದೇ ಪೆಟ್ಟಿಗೆಯೊಳಗೆ ರಾಮನ ಸೈನ್ಯವೂ ರಾವಣನ ಸೈನ್ಯವೂ ಜೊತೆಯಾಗಿ ಮಲಗಿರುತ್ತಿದ್ದವು. ಇಂದು ನಾನು ಹೇಳಹೊರಟಿರುವುದು ಆ ತೊಗಲುಗೊಂಬೆಗಳ ವಿಚಾರವನ್ನು.

ವೀರರ ಗೊಂಬೆಯೆಂದೊಡನೆ ಬಲ್ಲವರು ಜಪಾನಿನ ಹೆಸರನ್ನೆತ್ತುವರು, ಅದು ನ್ಯಾಯವೇ. ಎದೊ ಕಾಲದಲ್ಲಿ, ಎಂದರೆ 1603ರಿಂದ 1868ರವರೆಗೆ, ಐದನೆಯ ತಿಂಗಳ ಐದನೆಯ ದಿನದಂದು ಗಂಡುಮಕ್ಕಳ ಹಬ್ಬಕ್ಕೆ ಯೋಧರ ಗೊಂಬೆಗಳನ್ನು ಇರಿಸುವ ಪದ್ಧತಿ ಅಲ್ಲಿ ಬೆಳೆಯಿತು. ಸಿಂಪಿಯ ಚಿಪ್ಪನ್ನು ನುಣ್ಣಗೆ ಅರೆದು, ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರವಾಗಿ ಬಳಿದು ಮುಖಕ್ಕೆ ಬಿಳುಪು ತರುವರು. ಕವಚವನ್ನು ರೇಷ್ಮೆಯ ದಾರದಿಂದ ನಿಜವಾದ ಕವಚದಂತೆಯೇ ಹೆಣೆಯುವರು. ಹಬ್ಬ ಮುಗಿದರೆ ಗೊಂಬೆ ಮರದ ಪೆಟ್ಟಿಗೆ ಸೇರುವುದು. ಮರುವರ್ಷದವರೆಗೆ ಅದಕ್ಕೆ ಕೆಲಸವಿಲ್ಲ. ಆದುದರಿಂದಲೇ ಅದು ತಲೆಮಾರುಗಳವರೆಗೆ ಉಳಿಯಬಲ್ಲದು.

ನಮ್ಮ ವೀರನಿಗೆ ಆ ಬಿಡುವೆಲ್ಲಿ? ಹಿಂದೆ ಜಿಂಕೆಯ, ಈಚೆಗೆ ಆಡಿನ ತೊಗಲನ್ನು ಕೂದಲು ತೆಗೆದು, ಬೆಳಕು ಹಾಯುವಂತೆ ಹದಮಾಡಿ, ಅದರ ಮೇಲೆ ರೂಪು ಬರೆದು, ಬಣ್ಣ ತುಂಬಿ, ಸಣ್ಣ ಉಳಿಗಳಿಂದ ರಂಧ್ರಗಳನ್ನು ಕೊರೆಯುವರು. ಕಿರೀಟದ ರತ್ನ, ಕೊರಳಿನ ಹಾರ, ತೋಳಿನ ಭುಜಕೀರ್ತಿ ಇವೆಲ್ಲವೂ ಆ ರಂಧ್ರಗಳೇ. ಜಪಾನಿನ ಶಿಲ್ಪಿ ರೇಷ್ಮೆಯನ್ನೂ ಲೋಹವನ್ನೂ ಕೂಡಿಸಿ ಪಡೆದ ವೈಭವವನ್ನು ನಮ್ಮವನು ತೊಗಲನ್ನು ಕಳೆದು ಪಡೆದನು. ಪರದೆಯ ಹಿಂದೆ ದೀಪ ಹೊತ್ತಿಕೊಂಡಾಗ ಅವನ ರಾವಣನು ಮೈತುಂಬ ಬೆಳಕನ್ನೇ ತೊಟ್ಟು ನಿಲ್ಲುವನು. ರಾಜರಿಗೂ ದೇವತೆಗಳಿಗೂ ದೊಡ್ಡ ಆಕಾರ, ಸೇವಕರಿಗೆ ಚಿಕ್ಕದು. ಆಟದಲ್ಲಿ ಜನರನ್ನು ನಗಿಸುವವರು ಮಾತ್ರ ಕಿಳ್ಳೇಕ್ಯಾತನೂ ಬಂಗಾರಕ್ಕನೂ. ಹಳ್ಳಿಯವರ ನೆನಪಿನಲ್ಲಿ ಇವರೇ ಹೆಚ್ಚು ಕಾಲ ನಿಂತರೆಂದು ನನ್ನ ಗುಮಾನಿ.

ರಾತ್ರಿಯೆಲ್ಲ ಕಾದಾಡುವ ಗೊಂಬೆ ಸವೆಯುವುದು, ಹರಿಯುವುದು. ಆಟ ನೋಡುವವರು ಕಡಿಮೆಯಾದ ಮೇಲೆ ಉಳಿದವುಗಳಲ್ಲಿ ಎಷ್ಟೋ ಸಂಗ್ರಾಹಕರ ಪಾಲಾದವು. ಶ್ರೀ ಎಂ. ಎಸ್. ನಂಜುಂಡರಾಯರು ಅನೇಕ ಗೊಂಬೆಗಳನ್ನು ಕಲೆಹಾಕಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಉಳಿಸಿಕೊಟ್ಟುದು ದೊಡ್ಡ ಉಪಕಾರ. ಬಳ್ಳಾರಿಯಲ್ಲಿ, 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಹೊಸ ಗೊಂಬೆಗಳನ್ನು ಮಾಡಿಸಿ, ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೂ ಅದೇ ಪರದೆಯ ಮೇಲೆ ಆಡಿಸಿದರು.

ಹಳೆಯ ಗೊಂಬೆಯನ್ನು ಗಾಜಿನೊಳಗಿಟ್ಟು ಎದುರಿನಿಂದ ಬೆಳಕು ಬಿಟ್ಟರೆ ರತ್ನಗಳು ಬರಿಯ ತೂತುಗಳಾಗಿ ಕಾಣುವುವು. ಮನೆಯಲ್ಲಿ ಇಂತಹದೊಂದನ್ನು ಇಟ್ಟುಕೊಂಡಿರುವವರು ದಯಮಾಡಿ ಒಂದು ರಾತ್ರಿ ಅದರ ಹಿಂದೆ ದೀಪವಿಟ್ಟು ನೋಡಬೇಕು.